ಸತ್ತವರ ಹೆಸರು ಕೂಗಿಸುವ ಸರಸ್ವತಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಒಂದೆರಡು ಮನೆಯ ಮಗ್ಗ ಆಗಲೇ ಸದ್ದು ಮಾಡುತ್ತಿದೆ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಸರಸ್ವತಮ್ಮ ಜಗುಲಿಗೆ ಬಂದು ಕೂರುತ್ತಾರೆ. ಎದುರಿಗೆ ಧನಗೆರೆಯಿಂದ ಮೊದಲ ಬಸ್ಸಿಗೇ ಬಂದಿಳಿದ ದೊಡ್ಡಬಸಮ್ಮ ಕೂತಿದ್ದಾರೆ. ಅರವತ್ತು ದಾಟಿದ ಹೆಂಗಸು, ಹಣೆಯಲ್ಲಿ ವಿಭೂತಿ, ಮಡಿಲಲ್ಲಿ ಕಾಗದಪತ್ರದ ಪ್ಲಾಸ್ಟಿಕ್ ಚೀಲ.

"ನಿಮ್ಮ ಸೋದರತ್ತೆ ಹೊಲದಲ್ಲವ್ರೆ ಅಂತ ತಿಳ್ಕಳಿ. ಬದುವಿನ ಮೇಲೆ ನಿಂತ್ಕಂಡು ಅವರನ್ನ ಕೂಗಿ" ಎನ್ನುತ್ತಾರೆ ಸರಸ್ವತಮ್ಮ.

"ಅಯ್ಯೋ, ಈ ಬೀದೀಲಾ? ನೋಡ್ದೋರು ಏನಂದ್ಕಂಡಾರು?"

"ಯಾರೂ ಏನೂ ಅನ್ಕಳಲ್ಲ. ನಮ್ಮ ಬೀದಿಗೆ ಇದು ರೂಢಿ ಆಗೋಗದೆ. ಕೂಗಿ ನೀವು."

ದೊಡ್ಡಬಸಮ್ಮ ಗಂಟಲು ಸರಿಮಾಡಿಕೊಂಡು, ಶಾಲೆಯ ಮಕ್ಕಳು ಪಾಠ ಒಪ್ಪಿಸುವಂತೆ, "ಹೊನ್ನಾಜಮ್ಮ" ಎನ್ನುತ್ತಾರೆ. ಸರಸ್ವತಮ್ಮ ತಲೆಯಾಡಿಸುತ್ತಾರೆ. "ಅದು ಆಫೀಸಿಗೆ ಹೇಳೋ ಹೆಸರು ಕಣಮ್ಮ. ನಂಗೆ ಹೊಲದ ಹೆಸರು ಬೇಕು."

ದೊಡ್ಡಬಸಮ್ಮ ಕತ್ತೆತ್ತಿ ಕೂಗುತ್ತಾರೆ. "ವನ್ನಾಜತ್ತೇ... ಏ ವನ್ನಾಜತ್ತೇ!" ಎದುರು ಮನೆಯ ಮಗ್ಗ ನಿಂತು ಮತ್ತೆ ಶುರುವಾಗುತ್ತದೆ. ಕೂಗಿದವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಾರೆ. ಸರಸ್ವತಮ್ಮ ಅಳು ನಿಲ್ಲುವವರೆಗೆ ಕಾಯುತ್ತಾರೆ. ಆಮೇಲೆ ಪೆನ್ನು ತೆಗೆದು ಅರ್ಜಿಯಲ್ಲಿ ಮೃತರ ಹೆಸರಿನ ಜಾಗದಲ್ಲಿ "ವನ್ನಾಜಮ್ಮ" ಎಂದು ಬರೆಯುತ್ತಾರೆ.

ಸರಸ್ವತಮ್ಮನ ಕೆಲಸ ಇಷ್ಟೇ. ಸತ್ತವರು ಬರೆಸಿಟ್ಟ ವಿಲ್ಲು, ವಾರಸುದಾರಿಕೆಯ ಆದೇಶ, ಇಂಥವು ಯಾವ ಕೋರ್ಟಿನ ಯಾವ ಕಡತದಲ್ಲಿವೆ ಎಂದು ಹುಡುಕಿಸಿ, ನಕಲು ಕೇಳುವ ಅರ್ಜಿ ಬರೆದುಕೊಡುವುದು. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರಿಗೆ ಅವರು "ಅರ್ಜಿ ಸರಸ್ವತಮ್ಮ". ಕೋರ್ಟಿನ ರಸ್ತೆಯ ಜೆರಾಕ್ಸ್ ಅಂಗಡಿ ಪಕ್ಕದಲ್ಲಿ ಅವರದೊಂದು ಮೇಜಿದೆ. ಬೋರ್ಡಿಲ್ಲ. ಅವರ ಬಗ್ಗೆ ಬರೆಯಲು ಬಂದ ನಾನು ಬೋರ್ಡು ಹಾಕಿಸಿ ಎಂದರೆ, "ಬೇಕಾದೋರು ಹೆಂಗೂ ಕೇಳ್ಕಂಡು ಬತ್ತಾರೆ ಸಾ" ಎಂದು ನಗುತ್ತಾರೆ.

ದೊಡ್ಡಬಸಮ್ಮನ ಕಥೆ ಹೀಗಿದೆ. ಮಕ್ಕಳಿಲ್ಲದ ಸೋದರತ್ತೆ ಇವರನ್ನು ಸಾಕಿ, ತಾನಿದ್ದ ಮನೆಯನ್ನು ವಿಲ್ಲು ಮಾಡಿ ಇವರಿಗೇ ಬಿಟ್ಟಿದ್ದರು. ಆಕೆ ತೀರಿಕೊಂಡಾಗ ಹಿರಿಯರೊಬ್ಬರು ಮುಂದೆ ನಿಂತು ಕೋರ್ಟಿನಲ್ಲಿ ವಿಲ್ಲನ್ನು ಸಾಬೀತು ಮಾಡಿಸಿದರು. ಮೂಲ ವಿಲ್ಲು ಅಲ್ಲೇ ಉಳಿಯಿತು. ಮನೆಗೆ ತಂದ ನಕಲು ಪೆಟ್ಟಿಗೆಯಲ್ಲಿ ಗೆದ್ದಲಿನ ಪಾಲಾಯಿತು. ಈಗ ಅತ್ತೆಯ ಗಂಡನ ತಮ್ಮನ ಮಗ ಮಲ್ಲಿಕಾರ್ಜುನಸ್ವಾಮಿ ಮನೆ ತಮ್ಮದೆಂದು ದಾವೆ ಹಾಕಿದ್ದಾರೆ. ಕೆಟ್ಟ ಮನುಷ್ಯರೇನಲ್ಲ. "ಕಾಗದ ತೋರ್ಸಿ, ನಾನು ಕೇಸು ವಾಪಸ್ ತಕತೀನಿ" ಎಂದು ಪಂಚಾಯಿತಿ ಕಟ್ಟೆಯಲ್ಲಿ ಎಲ್ಲರೆದುರು ಹೇಳಿದ್ದಾರೆ. ಕಾಗದ ಸಿಗದಿದ್ದರೆ ದೊಡ್ಡಬಸಮ್ಮ ಚಿಕ್ಕಂದಿನಿಂದ ಬದುಕಿದ ಮನೆಯಿಂದ ಈ ವಯಸ್ಸಿನಲ್ಲಿ ಹೊರಗೆ ಬರಬೇಕು.

ಅವರು ಮೊದಲೇ ಒಂದು ಅರ್ಜಿ ಹಾಕಿದ್ದರು. "ಈ ಹೆಸರಿನ ಪ್ರಕರಣ ಕಂಡುಬಂದಿಲ್ಲ" ಎಂದು ಹಿಂಬರಹ ಬಂತು. ಅದರಲ್ಲಿ ಯಾರ ತಪ್ಪೂ ಇಲ್ಲ. ಕೋರ್ಟಿಗೆ ಹೋಗುತ್ತೇನೆ ಎಂದಾಗ ಮೊಮ್ಮಗಳು ಸೌಮ್ಯ ಅಜ್ಜಿಗೆ ಪಾಠ ಮಾಡಿದ್ದಳು: "ಅಜ್ಜಿ, ಅಲ್ಲೋಗಿ ವನ್ನಾಜಮ್ಮ ಅನ್ಬೇಡ, ನಗ್ತಾರೆ. ಹೊನ್ನಾಜಮ್ಮ ಅನ್ನು." ಅಜ್ಜಿ ಬಸ್ಸಿನುದ್ದಕ್ಕೂ "ಹೊ, ಹೊ" ಎಂದು ಬಾಯಿ ಪಳಗಿಸಿಕೊಂಡು ಹೋಗಿ, ಎಲ್ಲೂ ಎಡವದೆ ಹೇಳಿ ಬಂದರು. ನಮ್ಮ ಸೀಮೆಯಲ್ಲಿ ಹೊಲ ವಲವಾಗುತ್ತದೆ, ಹೊಟ್ಟೆ ವಟ್ಟೆಯಾಗುತ್ತದೆ. ಕಛೇರಿಯ ಮೆಟ್ಟಿಲು ಹತ್ತುವಾಗ ಮಾತ್ರ, ಹೊಸ ಚಪ್ಪಲಿ ಮೆಟ್ಟಿದ ಹಾಗೆ, ಎಲ್ಲರೂ ಒಂದು "ಹ" ಮೆಟ್ಟಿಕೊಂಡು ಹೋಗುತ್ತಾರೆ. ಆದರೆ ಅಂದು ಕೇಸು ಹಾಕಿಸಿದ ಹಿರಿಯರು ಮೆಟ್ಟಿರಲಿಲ್ಲ! ಅವರ ಬಾಯಿಂದ ಬಂದದ್ದನ್ನು ಅರ್ಜಿ ಬರೆದವರು ಬಂದ ಹಾಗೆಯೇ ಬರೆದಿರಬೇಕು ಎಂಬುದು ಸರಸ್ವತಮ್ಮನ ಊಹೆ.

ಈ ಕೂಗಿಸುವ ಪದ್ಧತಿ ಅವರು ತಾವಾಗಿಯೇ ಕಂಡುಕೊಂಡದ್ದು. ಸತ್ತೇಗಾಲದ ಒಬ್ಬರು ಇದೇ ಜಗುಲಿಯಲ್ಲಿ ನಿಂತು ತಮ್ಮ ತಂದೆಯನ್ನು "ಅಣ್ಣಯ್ಯೋ" ಎಂದು ಕೂಗಿದಾಗ ಬೀದಿಯಲ್ಲಿ ಹೋಗುತ್ತಿದ್ದ ಆಟೋದವನು ತನ್ನನ್ನೇ ಕರೆದರೆಂದು ಗಾಡಿ ನಿಲ್ಲಿಸಿದನಂತೆ. "ಎಲ್ಲಿಗೆ ಅಂತ ಕೇಳ್ದ ಸಾ. ಅವರಪ್ಪ ಓದ ಕಡೆಗೆ ನಿನ್ ಆಟೋ ಓಗಕಿಲ್ಲ, ನಡಿ ಅಂದೆ" ಎಂದು ಸರಸ್ವತಮ್ಮ ಹೇಳುವಾಗ ಒಳಗೆ ಮಗ್ಗದ ಮುಂದೆ ಕೂತ ಗಂಡ ಸಿದ್ದಯ್ಯನವರೂ ನಗುತ್ತಾರೆ. ಅವರು ಎಷ್ಟು ಸಲ ಕೇಳಿದ ಕಥೆಯೋ!

ಮದುವೆಯಾಗಿ ಬಂದಾಗ ಸರಸ್ವತಮ್ಮ ಈ ಮಗ್ಗಕ್ಕೆ ರೇಷ್ಮೆ ಸುತ್ತಿಕೊಡುತ್ತಿದ್ದರು. ಮಾವ ತೀರಿಕೊಂಡು, ಅವರ ಹೆಸರಿನ ಒಂದು ಹಳೆಯ ಆದೇಶ ಬೇಕಾಗಿ, ಮಗ್ಗ ಬಿಟ್ಟು ಅಲೆಯಲಾಗದ ಗಂಡನ ಬದಲು ತಾವೇ ಅಲೆದರು. ಆ ಕಾಲದಲ್ಲಿ ಕೆಂಚಯ್ಯ ಎಂಬ ಹಿರಿಯ ಅರ್ಜಿ ಬರಹಗಾರರು ಈಕೆಯ ಅಕ್ಷರ ನೋಡಿ ಪಕ್ಕದಲ್ಲಿ ಕೂರಿಸಿಕೊಂಡರು. "ಹೆಂಗಸು ಇಲ್ಲೆಲ್ಲ ಕೂರಬೌದಾ ಅಂತ ಸುಮಾರು ಜನ ಅಂದ್ರು. ಕೆಂಚಯ್ಯನೋರು ಸ್ಟೂಲ್ ತಂದು ಆಕುದ್ರು. ಅದೇ ಸ್ಟೂಲು ಸಾ ಇದು."

ಕೆಂಚಯ್ಯನವರು ಕಲಿಸಿದ ಮೊದಲ ಪ್ರಶ್ನೆ: ಸತ್ತವರು ಸತ್ತಾಗ ಈ ಊರು ಯಾವ ಜಿಲ್ಲೆಯಲ್ಲಿತ್ತು? ಕೇಳಿದವರಿಗೆ ತಮಾಷೆ ಅನ್ನಿಸಬಹುದು. ಆದರೆ ಕೊಳ್ಳೇಗಾಲ ಹಿಂದೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಪಕ್ಕದ ಯಳಂದೂರು ಮೈಸೂರು ಸಂಸ್ಥಾನದ್ದು. ರಾಜ್ಯ ಒಂದಾದ ಮೇಲೆ ಎರಡೂ ಮೈಸೂರು ಜಿಲ್ಲೆ, ಈಗ ಚಾಮರಾಜನಗರ. ಹಾಗಾಗಿ ಹನೂರು ಕಡೆಯವರ ಮುತ್ತಾತನ ವಿಲ್ಲಿಗೆ ಗಡಿಯಾಚೆಗೂ ಪತ್ರ ಬರೆಯಬೇಕಾಗಬಹುದು. ಅದು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರಬಹುದು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ಸರಸ್ವತಮ್ಮನಿಗೆ ಅದೇನು ಕಷ್ಟವಲ್ಲ.

ಮಿಕ್ಕದ್ದೆಲ್ಲ ತಾಳ್ಮೆಯ ಕೆಲಸ. ಮೃತರ ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು, ಕೇಸು ಹಾಕಿದವರು ಯಾರು, ಸುಮಾರು ಯಾವ ವರ್ಷ, ಕೇಳುತ್ತಿರುವವರಿಗೂ ಸತ್ತವರಿಗೂ ಏನು ಸಂಬಂಧ, ಇವಿಷ್ಟು ಅರ್ಜಿಯಲ್ಲಿರಬೇಕು. ಕೇಸ್ ನಂಬರ್ ಗೊತ್ತಿಲ್ಲದಿದ್ದರೆ ಮೊದಲು ಹುಡುಕಿಕೊಡಿ ಎಂದು ಕೇಳಬೇಕು. ಮೂಲ ವಿಲ್ಲೇ ಬೇಕೆಂದು ಕೌಂಟರಿನಲ್ಲಿ ಜಗಳ ತೆಗೆಯಬಾರದು, ಸೀಲು ಹಾಕಿದ ನಕಲೇ ಸಾಕಾಗುತ್ತದೆ. ಕೆಲವರು ಇವರನ್ನು "ಅರ್ಧ ಲಾಯರಮ್ಮ" ಎಂದು ಆಡಿಕೊಳ್ಳುವುದುಂಟು. "ನಾನ್ಯಾವ ಲಾಯರು ಸಾ! ಕೇಸು ಅವ್ರು ನಡೆಸ್ತಾರೆ. ಮಲಗಿರೋ ಕೇಸು ಎಲ್ಲಿ ಮಲಗದೆ ಅಂತ ತೋರ್ಸೋದಷ್ಟೇ ನಂದು."

ಅಂದು ಮಧ್ಯಾಹ್ನ ಕೋರ್ಟಿನ ಪಡಸಾಲೆಯಲ್ಲಿ ನಾವು ಮೂವರೂ ಕಾಯುತ್ತೇವೆ. ರೆಕಾರ್ಡ್ ರೂಮಿನ ರೂಪ ಮೇಡಂ ಅರ್ಜಿ ನೋಡಿ, "ವ ಅಕ್ಷರದಲ್ಲಿ ನಾವು ನೋಡಿರಲಿಲ್ಲಮ್ಮ, ಇರಿ" ಎಂದು ಒಳಗೆ ಹೋಗಿದ್ದಾರೆ. ದೊಡ್ಡಬಸಮ್ಮ ಚೀಲದ ಬಾಯಿ ಕಟ್ಟುತ್ತಾರೆ, ಬಿಚ್ಚುತ್ತಾರೆ. ಕೊನೆಗೆ ರೂಪ ಮೇಡಂ ಧೂಳು ಕೈಯಲ್ಲೇ ಹೊರಗೆ ಬರುತ್ತಾರೆ. "ಸಿಕ್ತಮ್ಮ. ವನ್ನಾಜಮ್ಮ, ಧನಗೆರೆ."

ದೊಡ್ಡಬಸಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂರುತ್ತಾರೆ. "ನಮ್ಮತ್ತೆ ಇಷ್ಟ್ ದಿನ ಇಲ್ಲೇ ಒಳಗೇ ಇದ್ಲಾ?" ಎಂದು ಕೇಳುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಸರಸ್ವತಮ್ಮನನ್ನು ಕೇಳಿದೆ. ನೆರಳಿಗೊಂದು ಶೀಟು ಕೇಳಬಹುದು ಅಂದುಕೊಂಡಿದ್ದೆ. "ಪತ್ರ ಬರೆಸೋರು ಕರೆಯೋ ಹೆಸರನ್ನೂ ಬರೆಸ್ಲಿ ಸಾ. ಇಂಥೋರು ಉರುಫ್ ಇಂಥೋರು ಅಂತ. ಒಂದ್ ಉರುಫ್ ಇದ್ರೆ ಮಕ್ಕಳು ಅಲಿಯೋದು ತಪ್ಪುತ್ತೆ" ಎಂದರು.

ನಕಲು ಕೈಗೆ ಬರುವ ದಿನ ನಾನು ಮತ್ತೆ ಹೋಗುತ್ತೇನೆ. ಸುದ್ದಿ ತಿಳಿದು ಮಲ್ಲಿಕಾರ್ಜುನಸ್ವಾಮಿಯೂ ಬಂದು ಮೇಜಿನ ಪಕ್ಕ ಬೈಕು ನಿಲ್ಲಿಸಿಕೊಂಡಿದ್ದಾರೆ. ಸರಸ್ವತಮ್ಮ ಕನ್ನಡಕ ಹಾಕಿ ಎಲ್ಲರಿಗೂ ಕೇಳುವಂತೆ ಓದುತ್ತಾರೆ. ಮನೆಯ ನಾಲ್ಕೂ ದಿಕ್ಕಿನ ಚಕ್ಕುಬಂದಿಯೆಲ್ಲ ಮುಗಿದು ಕೊನೆಗೆ ಬರುತ್ತದೆ: "ಸದರಿ ಮನೆಯು ನನ್ನ ಅಣ್ಣನ ಮಗಳೂ ನಾನೇ ಎತ್ತಿ ಆಡಿಸಿ ಸಾಕಿದವಳೂ ಆದ ದೊಡ್ಡಬಸಮ್ಮ ಉರುಫ್ ಕೂಸು ಎಂಬುವಳಿಗೆ ಸೇರತಕ್ಕದ್ದು."

ಮಲ್ಲಿಕಾರ್ಜುನಸ್ವಾಮಿ ಸೀಲು ನೋಡಿ, ಕಾಗದವನ್ನು ಹುಷಾರಾಗಿ ಮಡಿಸಿ ಮೇಜಿನ ಮೇಲಿಡುತ್ತಾರೆ. "ದೊಡ್ಡಮ್ಮ ಬರ್ಸವ್ರೆ ಅಂದ್ಮೇಲೆ ಮುಗೀತು ಅತ್ತಿಗೆ. ನಾಳೆ ಲಾಯರಿಗೆ ಏಳ್ತೀನಿ" ಎಂದು ಬೈಕು ಹತ್ತುತ್ತಾರೆ.

ದೊಡ್ಡಬಸಮ್ಮ ಅತ್ತ ನೋಡದೆ ಸರಸ್ವತಮ್ಮನ ಕಡೆ ತಿರುಗುತ್ತಾರೆ.

"ಅವ್ವಾ, ಕಡೇದ್ ಇನ್ನೊಂದ್ ಸಲ ಓದು."

"ಯಾವುದು, ಮನೆ ನಿಮಗೆ ಸೇರೋದಾ?"

"ಮನೇದಲ್ಲ ಕಣವ್ವ. ಕೂಸು ಅಂತ ಐತಲ್ಲ, ಅದು."