ಬೈರೂತಿನಲ್ಲಿ ಸಿಕ್ಕಿಬಿದ್ದ ಸೋದರಮಾವ

ಹಡಗಿನಲ್ಲಿ ಹೋದವನು ವಿಮಾನದಲ್ಲಿ ವಾಪಸು ಬರುತ್ತಿದ್ದೆ! ಮಧುರೆಯ ಮಿಲ್ಲಿನವರು ಯಂತ್ರದ ಕೆಲಸ ಕಲಿಯಲು ನನ್ನನ್ನು ಇಂಗ್ಲೆಂಡಿಗೆ ಕಳಿಸಿ ಒಂದೂವರೆ ವರ್ಷವಾಗಿತ್ತು. ಬೇಗ ಬಾ ಎಂದು ಅವರೇ ಟಿಕೆಟ್ ಕಳಿಸಿದ್ದರು. ಅವರಿಗಿಂತ ಹೆಚ್ಚಿನ ಅವಸರ ಉತ್ತಮಪಾಳಯಂಗೆ ಕೊಟ್ಟಿದ್ದ ನನ್ನ ತಂಗಿಗೆ. ಭಾನುವಾರ ಹನ್ನೊಂದರೊಳಗೆ ಅವಳ ಮೂರು ವರ್ಷದ ಮಗಳಿಗೆ ಕಿವಿ ಚುಚ್ಚುವ ಮುಹೂರ್ತ. ನಮ್ಮ ಕಡೆ ಮಗು ಸೋದರಮಾವನ ತೊಡೆಯ ಮೇಲೆ ಕೂತೇ ಕಿವಿ ಚುಚ್ಚಿಸಿಕೊಳ್ಳಬೇಕು. ಅವಳಿಗೆ ಅಣ್ಣ ಅಂತ ಇರುವವನು ನಾನೊಬ್ಬನೇ.

‘ನೀ ಬರದಿದ್ರೆ ದೂರದ ಸಂಬಂಧದೋರ್ನ ಯಾರನ್ನಾದ್ರೂ ಕೂರಿಸ್ತಾರಂತೆ. ಆಮೇಲೆ ಈ ಮನೇಲಿ ನಾ ತಲೆ ಎತ್ತಿ ಓಡಾಡೋದು ಎಂಗಣ್ಣಾ?’ ಎಂದು ಕಾಗದ ಬರೆಸಿದ್ದಳು. ಬಂದೇ ಬರ್ತೀನಿ ಅಂತ ನಾನು ತಂತಿ ಕೊಟ್ಟುಬಿಟ್ಟಿದ್ದೆ.

ಶುಕ್ರವಾರ ಸಂಜೆ ಲಂಡನ್ನಿನಲ್ಲಿ ವಿಮಾನ ನೆಲ ಬಿಟ್ಟಿತು. ಅಬ್ಬಬ್ಬಾ, ಏನು ಖುಷಿ! ಒಂದೂವರೆ ವರ್ಷ ಕುರ್ಚಿಯಲ್ಲೇ ಕೂತ ಕಾಲು ಚಾಪೆಯ ಮೇಲೆ ಮಡಚುತ್ತದೋ ಇಲ್ಲವೋ ಎಂಬ ಅನುಮಾನ ಬಂದು, ಬೂಟು ಬಿಚ್ಚಿ ಸೀಟಿನ ಮೇಲೇ ಚಕ್ಕಳಮಕ್ಕಳ ಹಾಕಿ ನೋಡಿದೆ. ಪಕ್ಕದಲ್ಲಿದ್ದ ಕೋಯಮತ್ತೂರಿನ ಡಾಕ್ಟರು ಏನಪ್ಪಾ ಇದು ಎಂದು ತಮಿಳಿನಲ್ಲಿ ಕೇಳಿದರು. ಹೇಳಿದೆ. ಅವರು ನಗಲಿಲ್ಲ.

“ತಾಯ್‌ಮಾಮನಾ ನೀವು? ಹಾಗಾದರೆ ಸರಿಯಾಗಿ ಅಭ್ಯಾಸ ಮಾಡಿ” ಎಂದು ಕೈಯನ್ನು ಅತ್ತ ಸರಿಸಿ ಜಾಗ ಬಿಟ್ಟರು.

ಬೈರೂತಿನಲ್ಲಿ ಇಳಿದ ವಿಮಾನ ಮತ್ತೆ ಏಳಲೇ ಇಲ್ಲ. ಇಂಜಿನ್ ರಿಪೇರಿಯಂತೆ. ಒಂದು ಗಂಟೆ ಅಂದರು, ಮೂರಾಯಿತು, ಒಂಬತ್ತಾಯಿತು. ನನಗೆ ತಲೆ ಕೆಟ್ಟುಹೋಯಿತು. ವಿಮಾನದ ಹುಡುಗಿಯ ಮುಂದೆ ಹೋಗಿ, ತಂಗಿ ಮಗಳ ಕಿವಿ, ಭಾನುವಾರ, ನಾನಿಲ್ಲದೆ ಆಗೋದಿಲ್ಲ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೂಗಾಡಿದೆ. ಆಕೆಯ ಕಣ್ಣಲ್ಲಿ ನೀರು ಬಂತು. ಮಗುವಿನ ಆಪರೇಷನ್ ಚೆನ್ನಾಗಿ ಆಗಲಿ ಎಂದು ನನ್ನ ಕೈ ಹಿಡಿದುಕೊಂಡಳು! ಡಾಕ್ಟರು ಆಗ ಮಾತ್ರ ಹೊಟ್ಟೆ ಹಿಡಿದು ನಕ್ಕರು. ಅವರ ಮೇಲೂ ಸಿಟ್ಟು ಬಂತು.

ಬೊಂಬಾಯಿ ತಲುಪುವಷ್ಟರಲ್ಲಿ ಮದರಾಸಿನ ವಿಮಾನ ಹೋಗಿಯಾಗಿತ್ತು. ಭಾನುವಾರ ಬೆಳಿಗ್ಗೆ ಇನ್ನೊಂದು ಸಿಕ್ಕಿತು. ಕೈಗಡಿಯಾರ ಹನ್ನೊಂದು ತೋರಿಸಿದಾಗ ನಾನಿನ್ನೂ ಆಕಾಶದಲ್ಲಿದ್ದೆ. ಆ ಕ್ಷಣಕ್ಕೆ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಆದರೂ ಮದರಾಸಿನಲ್ಲಿ ವಿಮಾನ ಬದಲಿಸಿ, ಮಧುರೆಯಿಂದ ಟ್ಯಾಕ್ಸಿ ಹತ್ತಿ, ತೇನಿ ದಾಟಿ ಎಡಬಲ ಗದ್ದೆ ಬಾಳೆತೋಟ ಕಂಡದ್ದೇ ತಡ, ಎದೆ ಮತ್ತೆ ಕುಣಿಯತೊಡಗಿತು. ನಾಚಿಕೆಗೆಟ್ಟ ಎದೆ!

ನಾಲ್ಕು ಗಂಟೆಗೆ ಹೋದರೆ ಚಪ್ಪರದಲ್ಲಿ ಚಾಪೆ ಸುತ್ತುತ್ತಿದ್ದರು. ದೂರದ ಸಂಬಂಧದ ಅಣ್ಣನೊಬ್ಬ ಹೊಸ ಪಂಚೆ ಉಟ್ಟು ಎಲೆ ಅಡಿಕೆ ಮೆಲ್ಲುತ್ತಿದ್ದ. ಮುಗಿದೇ ಹೋಯಿತು ಎಂದುಕೊಂಡೆ. ತಂಗಿಗೆ ಹೇಗೆ ಮುಖ ತೋರಿಸಲಿ?

ಅವಳೇ ಮಗುವನ್ನು ಎತ್ತಿಕೊಂಡು ಓಡಿಬಂದಳು. ಮಗುವಿನ ಕೂದಲು ಸರಿಸಿ ತೋರಿಸಿದಳು. ಬಲಗಿವಿಯಲ್ಲಿ ಅರಿಶಿನ ಮೆತ್ತಿದ ಚಿನ್ನದ ಕಡ್ಡಿ. ಎಡಗಿವಿ ಬರಿದು.

“ಒಂದ್ ಕಿವಿ ಮುಹೂರ್ತಕ್ಕೆ ಕೊಟ್ಟೆ. ಇನ್ನೊಂದ್ನ ಯಾರ್ಗೂ ಮುಟ್ಟಗೊಡ್ಲಿಲ್ಲ. ಅತ್ತೆ ಬೈದ್ರು, ಬೈಲಿ. ಕಿವಿ ಚುಚ್ಚೋ ಆಚಾರೀನೂ ಓಗಗೊಡ್ಲಿಲ್ಲ. ಕೂತ್ಕೋ ಅಣ್ಣಾ!”

ಸುತ್ತಿದ ಚಾಪೆಯನ್ನು ಮತ್ತೆ ಹಾಸಿದರು. ಸೂಟಿನಲ್ಲೇ ಕೂತೆ. ಸೂಜಿ ಎಂದರೇನೆಂದು ಆ ಮಗುವಿಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ತುಟಿ ಬಿಗಿಹಿಡಿದು ನನ್ನ ಟೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು. ಆಚಾರಿ ಚುಚ್ಚಿದ. ಮಗು ಒಮ್ಮೆ ಚೀರಿತು. ನಾನೋ, ಮೂವತ್ತರ ಗಂಡಸು, ಎಲ್ಲರೆದುರು ಗೊಳೋ ಎಂದು ಅತ್ತುಬಿಟ್ಟೆ.

ಮಗು ತನ್ನ ಅಳು ನಿಲ್ಲಿಸಿ ನನ್ನ ಗಲ್ಲ ಮುಟ್ಟಿತು.

“ಅಳ್ಬ್ಯಾಡ ಮಾಮಾ, ಮುಗೀತು.”