ಅರುಂಧತಿಗೆ ಒಂದು ಹಸಿರು ಗೆರೆ

ಅವೆನ್ಯೂ ರಸ್ತೆಯಲ್ಲಿ ಲಗ್ನಪತ್ರಿಕೆ ಅಂಗಡಿ ಇಟ್ಟುಕೊಂಡಿರುವ ರಾಮಾಂಜಿನಪ್ಪನವರಿಗೆ ಊರಿನ ಅರ್ಧ ಮದುವೆಗಳಿಗೆ ಕರೆ ಇರುತ್ತದೆ. ಪತ್ರಿಕೆ ಮಾಡಿಸಿಕೊಂಡವರು ಮೊದಲ ಪ್ರತಿಯನ್ನು ಅಲ್ಲೇ ಅವರ ಕೈಗಿಟ್ಟು ಬರಲೇಬೇಕು ಅಂದುಬಿಡುತ್ತಾರೆ. ಬಾಯುಪಚಾರದ ಕರೆ ಅಂತ ಬೇರೆಯವರಾದರೆ ಬಿಟ್ಟಾರು, ಇವರು ಹೋಗಿಯೇ ಹೋಗುತ್ತಾರೆ. ಊಟಕ್ಕಲ್ಲ, ಪಾಪ, ಹಾಗನ್ನಬಾರದು. ಊಟ ಬಿಡುವವರೂ ಅಲ್ಲ, ಅದು ಬೇರೆ ಮಾತು. ಪುರೋಹಿತರು ಗಂಡುಹೆಣ್ಣನ್ನು ಛತ್ರದ ಹೊರಗೆ ಸುಡುಬಿಸಿಲಿಗೆ ಕರೆತಂದು, ಆಕಾಶದ ಕಡೆ ಕೈ ಮಾಡಿ, ಅರುಂಧತಿ ನಕ್ಷತ್ರ ಕಾಣಿಸಿತೇ ಎಂದು ಕೇಳುತ್ತಾರಲ್ಲ, ಆ ಗಳಿಗೆ ನೋಡಲು ಹೋಗುತ್ತಾರೆ. ಗಂಡು ಕಣ್ಣು ಕಿರಿದು ಮಾಡಿ ಕಾಣಿಸಿತು ಅನ್ನುತ್ತಾನೆ. ಹೆಣ್ಣೂ ತಲೆಯಾಡಿಸುತ್ತಾಳೆ. ಆಮೇಲೆ ಮುಯ್ಯಿ ಕವರ್ ಕೊಡುವಾಗ ರಾಮಾಂಜಿನಪ್ಪನವರು ಗಂಡಿನ ಕಿವಿಗೆ ಬಗ್ಗಿ, ನಿಜ ಹೇಳಪ್ಪ, ಕಾಣಿಸ್ತಾ ಎಂದು ವಿಚಾರಿಸುತ್ತಾರೆ. ಇಲ್ಲ ಅಂದ ಗಂಡು ಇಲ್ಲಿಯವರೆಗೆ ಒಬ್ಬನೂ ಸಿಕ್ಕಿಲ್ಲ.

ಅವರಿಗೆ ಮೊದಲಿನಿಂದಲೂ ನಕ್ಷತ್ರ ನೋಡುವ ಹುಚ್ಚು. ಸಂಸಾರ ಶುರುವಾಗುವುದೇ ಸುಳ್ಳಿನಿಂದ ಎಂದು ಮನೆಯಲ್ಲಿ ಭಾಷಣ ಬಿಗಿಯುತ್ತಾರೆ. ಹೆಂಡತಿ ಚಿಕ್ಕಮುನಿಯಮ್ಮ ಅವರೆಕಾಯಿ ಸುಲಿಯುತ್ತ, ನಮ್ಮ ಮದುವೇಲಿ ನೀವೇನಂದ್ರಿ ಎಂದು ಕೇಳಿದರೆ ಸಾಕು, ಅವರಿಗೆ ಟೆರೇಸಿನ ಮೇಲೆ ಏನೋ ತುರ್ತು ಕೆಲಸ ನೆನಪಾಗುತ್ತದೆ.

ಇಂಥವರ ಮಗಳು ಪೂಜಿತಾಗೆ ಮದುವೆ ಗೊತ್ತಾಯಿತು. ಗಂಡು ನಿಶಾಂತ್, ಬ್ಯಾಂಕಿನಲ್ಲಿ ಕೆಲಸ, ಕೆಟ್ಟ ಚಾಳಿ ಒಂದೂ ಇಲ್ಲ. ಆದರೆ ಎಲ್ಲದಕ್ಕೂ ಹೂಂ ಅನ್ನುತ್ತಾನೆ. ನಿಶ್ಚಿತಾರ್ಥದ ದಿನ ಬಡಿಸಿದವರಿಗೆಲ್ಲ ಹೂಂ ಅಂದು ಒಬ್ಬಟ್ಟಿನ ಮೇಲೆ ಒಬ್ಬಟ್ಟು ತಿಂದು ಏಳಲಾರದೆ ಕೂತಿದ್ದ. ರಾಮಾಂಜಿನಪ್ಪನವರು ಟೆರೇಸಿಗೆ ಕರೆದುಕೊಂಡು ಹೋಗಿ, ಆ ತೆಂಗಿನ ಗರಿಯಿಂದ ಎರಡು ಬೆರಳು ಮೇಲೆ ನೋಡು, ಅದೇ ಗುರು ಗ್ರಹ ಅಂದರೆ, ಬೆರಳು ಎತ್ತುವ ಮೊದಲೇ ಕಾಣಿಸಿತು ಅಂದ. ಎಲ್ಲರಿಗೂ ನಗು ಬಂತು, ರಾಮಾಂಜಿನಪ್ಪನವರು ಮಾತ್ರ ನಗಲಿಲ್ಲ. ಈ ಹುಡುಗನ ಮನಸ್ಸಿನಲ್ಲಿ ಏನಿದೆ ಅಂತ ನನ್ನ ಮಗಳಿಗೆ ಜನ್ಮಪೂರ್ತಿ ಗೊತ್ತೇ ಆಗದಿದ್ದರೆ? ಈ ಹೆದರಿಕೆ ಅವರನ್ನು ಬಿಡಲಿಲ್ಲ.

ಬೆರಳಿನಲ್ಲಿ ತೋರಿಸಿದರೆ ಯಾರು ಯಾವ ಚುಕ್ಕೆ ನೋಡಿದರು ಅಂತ ಆ ದೇವರಿಗೇ ಗೊತ್ತಾಗಬೇಕು. ಲೇಸರ್ ಬೆಳಕಾದರೆ ಇಂಥದ್ದೇ ಚುಕ್ಕೆ ಅಂತ ಗೆರೆ ಎಳೆದು ತೋರಿಸಬಹುದು. ಆಮೇಲೆ ಹುಡುಗ ಏನನ್ನುತ್ತಾನೋ ನೋಡೋಣ. ಹೀಗೆ ಯೋಚಿಸಿ, ತಮ್ಮ ಜೊತೆ ನಕ್ಷತ್ರ ನೋಡುವ ಗೆಳೆಯ ಆಂಜಿನಯ್ಯನನ್ನು ಕರೆದುಕೊಂಡು ಲೇಸರ್ ಮಾರುವ ಅಂಗಡಿಗೆ ಹೋದರು. ಅಂಗಡಿಯವನು ಬೆಂಕಿಕಡ್ಡಿ ಹೊತ್ತಿಸುವ ದಪ್ಪ ಲೇಸರನ್ನು ಎದುರಿಗಿಟ್ಟ. ರಾಮಾಂಜಿನಪ್ಪನವರ ಮುಖ ಅರಳಿತು. ಪತ್ರಿಕೆಯ ಚಿನ್ನದ ಬಣ್ಣ ಆಗಲಿ, ಬೆಳಕಾಗಲಿ, ಅವರಿಗೆ ಝಗಮಗ ಅನ್ನಬೇಕು. ಆಂಜಿನಯ್ಯ ಅದನ್ನು ಕಿತ್ತು ಪಕ್ಕಕ್ಕಿಟ್ಟ. ಅದು ಗೋಡೆಗೆ ಬಡಿದು ವಾಪಸು ಕಣ್ಣಿಗೆ ಬಿದ್ದರೂ ಕಣ್ಣು ಹೋಗುತ್ತದೆ, ಕೆಂಪು ತಗೊಂಡರೆ ಗಾಳಿಯಲ್ಲಿ ಗೆರೆಯೇ ಕಾಣುವುದಿಲ್ಲ, ಹಸಿರು ಬೇಕು, ಅದೂ ಐದು ಮಿಲಿವಾಟ್ ಶಕ್ತಿಯೊಳಗಿನದು, ಮೇಲಂಟಿಸಿದ ಚೀಟಿಯಲ್ಲಿ ಬರೆದದ್ದನ್ನು ಕಣ್ಣುಮುಚ್ಚಿ ನಂಬಬೇಡ, ಹೆಸರುಳ್ಳ ಕಂಪನಿಯದ್ದೇ ತಗೋ, ಎಂದು ಪೆನ್ನಿನಷ್ಟು ಸಣ್ಣದೊಂದನ್ನು ಆರಿಸಿದ. ಇಷ್ಟು ಚಿಕ್ಕದಾ ಎಂದು ರಾಮಾಂಜಿನಪ್ಪನವರು ದಾರಿಯುದ್ದಕ್ಕೂ ಗೊಣಗಿದರು.

ಗವಿಪುರದ ತಮ್ಮ ಟೆರೇಸಿನಲ್ಲಿ ಅಭ್ಯಾಸ ಶುರುವಾಯಿತು. ಗುಂಡಿ ಒತ್ತಿದರೆ ಗೆರೆ ಸೀದಾ ಆಕಾಶಕ್ಕೆ. ನಕ್ಷತ್ರದ ಮೇಲೇ ಇಟ್ಟರೆ ನಕ್ಷತ್ರವೇ ಮುಚ್ಚಿಹೋಗುತ್ತದೆ, ಸುತ್ತ ಒಂದು ಸುತ್ತು ಹಾಕಿ ಗುಂಡಿ ಬಿಡಬೇಕು ಎಂದು ಕಲಿತರು. ನೀರಿನ ಟ್ಯಾಂಕಿಗೂ ಪಕ್ಕದ ಮನೆ ಕಿಟಕಿಗೂ ತಾಗದ ಹಾಗೆ ಎಲ್ಲಿ ನಿಲ್ಲಬೇಕು ಅಂತ ನೋಡಿಕೊಂಡರು. ಕೆಳಗಿನಿಂದ ಚಿಕ್ಕಮುನಿಯಮ್ಮ, ಅಳಿಯನ ಪರೀಕ್ಷೆಗೆ ಮೇಷ್ಟ್ರೇ ಓದ್ತಾವ್ರೆ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು.

ಮೇ ತಿಂಗಳಲ್ಲಿ ಮದುವೆಯಾಯಿತು. ನಡುಬಿಸಿಲಿನಲ್ಲಿ ಪುರೋಹಿತರು ಕೈ ತೋರಿಸಿದರು. ನಿಶಾಂತ್ ಮೇಲೆ ನೋಡಿ, ಕಾಣಿಸಿತು ಅಂದ. ಹಿಂದೆ ನಿಂತಿದ್ದ ರಾಮಾಂಜಿನಪ್ಪನವರು ಆ ದಿನ ತಮ್ಮದೇ ಮಗಳ ಮದುವೆಯ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಬೀಗರ ಊಟ ಇವರ ಮನೆಯಲ್ಲೇ. ನಿಶಾಂತ್ ಪದ್ಧತಿಯಂತೆ ಹೂಂ ಹೂಂ ಎಂದು ಮಟನ್ ಸಾರು ಮುದ್ದೆ ಉಂಡು, ಸಂಜೆವರೆಗೂ ಸೋಫಾದಲ್ಲಿ ಒರಗಿದ್ದ. ಹಿಂದಿನ ದಿನ ಮಳೆ ಬಂದು ಆಕಾಶ ತೊಳೆದಿತ್ತು. ಕತ್ತಲಾಗುತ್ತಲೇ ಮಾವನವರು ಅವನನ್ನು ಎಬ್ಬಿಸಿ ಟೆರೇಸಿಗೆ ಹತ್ತಿಸಿದರು. ಪೂಜಿತಾ ಬಂದಳು, ತಮಾಷೆ ನೋಡಲು ಚಿಕ್ಕಮುನಿಯಮ್ಮನೂ ಬಂದರು. ಬೀದಿದೀಪಗಳ ಮೇಲೆ, ಉತ್ತರದ ಕಡೆ ಸಪ್ತರ್ಷಿಗಳ ಏಳು ಚುಕ್ಕೆ ಕಾಣುತ್ತಿದ್ದವು. ಗುಂಡಿಯ ಮೇಲೆ ಬೆರಳಿಟ್ಟಾಗ ವಿಮಾನವೊಂದು ಮಿಣಮಿಣ ಅನ್ನುತ್ತ ಆ ಕಡೆಗೇ ಬಂತು. ಪೈಲಟ್ ಕಣ್ಣಿಗೆ ಬೆಳಕು ಹೊಡೆದೀತು ಅಂತ ಅದು ದಾಟಿ ಹೋಗುವವರೆಗೂ ರಾಮಾಂಜಿನಪ್ಪನವರು ಕೈ ಕೆಳಗಿಟ್ಟು ಕಾದರು. ಆಮೇಲೆ ಹಸಿರು ಗೆರೆ ಎದ್ದಿತು. ಏಳರಲ್ಲಿ ಬಾಲದ ನಡುವಿನದು ವಸಿಷ್ಠ, ಅದರ ಮಗ್ಗುಲಿಗೆ ಅಂಟಿಕೊಂಡ ಸಣ್ಣ ಚುಕ್ಕೆ ಅರುಂಧತಿ ಎಂದು ಹೇಳಿ, ಸುತ್ತು ಹಾಕಿ, ಆರಿಸಿದರು.

ಪೂಜಿತಾ ಸ್ವಲ್ಪ ಹೊತ್ತು ನೋಡಿ, ಅಯ್ಯೋ ಹೌದು, ಎರಡಿದೆ ಅಂದಳು. ರಾಮಾಂಜಿನಪ್ಪನವರು ಅಳಿಯನ ಕಡೆ ತಿರುಗಿದರು. ನಿಶಾಂತ್ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಕತ್ತು ನೋಯುವವರೆಗೂ ನೋಡಿದ.

"ಇಲ್ಲ ಮಾವ. ನಂಗೆ ಒಂದೇ ಕಾಣಿಸ್ತಿರೋದು," ಅಂದ. ಆಮೇಲೆ ತಲೆ ಕೆರೆದುಕೊಂಡು, "ಅವತ್ತು ಛತ್ರದಲ್ಲೂ ಏನೂ ಕಾಣಿಸ್ಲಿಲ್ಲ. ಪುರೋಹಿತರು ಪಾಪ ಬಿಸಿಲಲ್ಲಿ ನಿಂತಿದ್ರು, ಬೇಗ ಒಳಗೆ ಹೋಗ್ಲಿ ಅಂತ ಹಾಗಂದೆ. ಇಲ್ಲಿ ನೀವು ಇಷ್ಟು ಆಸೆಯಿಂದ ತೋರಿಸ್ತಿರೋವಾಗ ಸುಳ್ಳು ಹೇಳಕ್ಕೆ ಮನಸ್ಸು ಬರ್ತಿಲ್ಲ."

ರಾಮಾಂಜಿನಪ್ಪನವರ ಎದೆಯ ಮೇಲಿನ ಕಲ್ಲು ಇಳಿಯಿತು. ಹುಡುಗನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು, ಮಾವನ ಗತ್ತಿಗೆ ಸರಿಹೋಗುವುದಿಲ್ಲ ಅಂತ ಬೆನ್ನು ತಟ್ಟಿದರು. ಅಷ್ಟರಲ್ಲಿ ಪೂಜಿತಾ, "ನಿಂಗೆ ಎರಡೂ ಕಾಣಿಸುತ್ತೆ ಅಲ್ವಾ ಅಪ್ಪ?" ಎಂದು ಕೇಳಿದಳು.

ಕಾಣಿಸುತ್ತೆ ಎಂಬ ಮಾತು ತುಟಿಗೇ ಬಂದಿತ್ತು. ಅಳಿಯನ ಮುಖ ನೋಡಿದರು, ನುಂಗಿಕೊಂಡರು.

"ನಂಗೂ ಒಂದೇ ಕಣಮ್ಮ," ಅಂದರು ಮೆಲ್ಲಗೆ. "ಎರಡು ವರ್ಷ ಆಯ್ತು, ಕಣ್ಣೆಲ್ಲಾ ಮಂಜುಮಂಜು. ಇನ್ನೊಂದು ಎಲ್ಲಿದೆ ಅಂತ ಗೊತ್ತಲ್ಲ, ಅಂದಾಜಲ್ಲಿ ತೋರಿಸ್ತೀನಿ. ಯಾರ್ಗೂ ಹೇಳಿಲ್ಲ."

ಚಿಕ್ಕಮುನಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಡನ ಮುಂದೆ ಬಂದು ನಿಂತರು.

"ಎರಡು ವರ್ಷದಿಂದ ನನ್ನನ್ನ ಹಿಂದೆ ಕೂರಿಸ್ಕೊಂಡು ಸ್ಕೂಟರ್ ಓಡಿಸ್ತಿದೀರಲ್ರೀ!"