ಎಣ್ಣೆ ಕುಡಿದ ಚರ್ಮದ ಮೇಲಿನ ಎರಡು ಗೆರೆ

ನಾನು ಹುಟ್ಟು ಹೆದರುಪುಕ್ಕಲಿ. ಆಯಿಗೆ ಫೋನು ಮಾಡಿ ಎರಡು ಸಲ ಅವಳು ಎತ್ತದಿದ್ದರೆ ಸಾಕು, ಮೂರನೆಯ ಸಲ ರಿಂಗಾಗುವಷ್ಟರಲ್ಲಿ ನನ್ನ ತಲೆಯೊಳಗೆ ಅವಳ ತಿಥಿಯ ಅಡುಗೆಯೂ ಮುಗಿದಿರುತ್ತದೆ. ಆಯಿ ಎಂದರೆ ನನ್ನ ತಾಯಿ, ನಮ್ಮ ಕಡೆ ಹಾಗೇ ಕರೆಯುವುದು. ಸುತ್ತಲಿನ ಮೂರು ತಾಲೂಕಿನ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ಅವಳು ಇಸಳೂರಿನ ನಮ್ಮ ಮನೆಗೆ ಬಂದಳು. ಬಂದರೂ ಒಂದು ಕಡೆ ಕೂರುವ ಪೈಕಿಯಲ್ಲ. ಪ್ರತಿ ಮಂಗಳವಾರ ಬಸ್ಸು ಹತ್ತಿ ಸಿದ್ದಾಪುರಕ್ಕೆ ಹೋಗಲೇಬೇಕು. ಅಲ್ಲಿ ಹಾಸಿಗೆ ಹಿಡಿದಿದ್ದ ದೊಡ್ಡಾಯಿ, ಅಂದರೆ ಆಯಿಯ ಅಕ್ಕ, ತಲೆ ಬಾಚಿಸಿಕೊಳ್ಳಲು ತಂಗಿಯ ದಾರಿ ನೋಡುತ್ತಿದ್ದಳು. ಬೇರೆ ಯಾರು ಬಾಚಣಿಗೆ ಹಿಡಿದರೂ ಮುಖ ತಿರುಗಿಸುತ್ತಿದ್ದಳು.

ಈ ಓಡಾಟಕ್ಕೆಂದು ನಾನೇ ಶಿರಸಿಯಲ್ಲಿ ಒಂದು ಹೆಗಲಚೀಲ ಕೊಡಿಸಿದೆ. ಅದನ್ನು ಮಾಡಿದ್ದು ಕೈಯಲ್ಲೇ ಚೀಲ ಹೊಲಿಯುವ ಹಿರಿಯರೊಬ್ಬರು, ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಚರ್ಮ ಹದ ಮಾಡುವಾಗಲೇ ಎಣ್ಣೆ, ಮೇಣ ಒಳಗಿಳಿಸಿದ್ದಂತೆ. ಮಡಚಿದಲ್ಲಿ ಬಣ್ಣ ತಿಳಿಯಾಗುತ್ತಿತ್ತು, ಬಿಟ್ಟರೆ ಮತ್ತೆ ಕಪ್ಪುಗಂದು. ತಿರುಗಿಸಿ ನೋಡುವಾಗ ನನ್ನ ಬಳೆ ತಾಗಿ ಬಿಳಿಚಿದ ಗೀರೊಂದು ಎದ್ದಿತು. ಕೊಳ್ಳುವ ಮೊದಲೇ ಹಾಳು ಮಾಡಿದೆನಲ್ಲ ಎಂದು ನಾನು ಅಲ್ಲೇ ಬೆವರಿದೆ. ಚಾಚಾ ನಕ್ಕು ಹೆಬ್ಬೆರಳಿನಿಂದ ನಾಲ್ಕು ಸಲ ಉಜ್ಜಿದರು, ಗೀರು ಕಾಣದಾಯಿತು.

“ಕೈ ಬಿಸಿಗೆ ಒಳಗಿನ ಎಣ್ಣೆ ಓಡಾಡ್ತದೆ ಅಕ್ಕಾ. ಮಳೆಗೆ ನೆನೆದ್ರೆ ಒಣಬಟ್ಟೆಯಲ್ಲಿ ಒತ್ತಿ, ನೆರಳಲ್ಲಿ ಗಾಳಿಗಿಡಿ. ಬಿಸಿಲು, ಒಲೆ ಎರಡೂ ಬೇಡ. ಬೂಷ್ಟು ಬಂದ್ರೆ ಮೆತ್ತಗೆ ಒರೆಸಿದ್ರೆ ಆಯ್ತು. ಎಣ್ಣೆ ವರ್ಷಕ್ಕೊಂದ್ಸಲ, ಅದೂ ಬಟ್ಟೆಗೆ ಚೂರು ತಾಗಿಸ್ಕೊಂಡು. ಜಾಸ್ತಿ ಹಚ್ಚಿದ್ರೆ ಚರ್ಮ ಸೋತು ಹೋಗ್ತದೆ.”

ಚೀಲದ ಎರಡು ಬದಿಯೂ ಒಂದೇ ತರ, ಈಚೆಗೊಂದು ಜೇಬು, ಆಚೆಗೊಂದು ಜೇಬು. ಆಯಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ನಿನ ಎರಡು ಪೆನ್ನುಗಳಿದ್ದವು. ಒಂದನ್ನು ಬೆಳಿಗ್ಗೆ ಒಮ್ಮೆ ಮಾತ್ರ, ಹೆಚ್ಚು ಪ್ರಮಾಣದಲ್ಲಿ ಚುಚ್ಚಿಕೊಳ್ಳಬೇಕು, ಅದು ದಿನವಿಡೀ ನಿಧಾನಕ್ಕೆ ಕೆಲಸ ಮಾಡುತ್ತದೆ. ಇನ್ನೊಂದು ತಿಂಡಿ, ಊಟದ ಮುಂಚೆ ಸ್ವಲ್ಪವೇ ಸ್ವಲ್ಪ, ಅದು ಸಕ್ಕರೆಯನ್ನು ಸರ್ರನೆ ಇಳಿಸುವಂಥದ್ದು. ಒಂದೊಂದು ಜೇಬಿಗೆ ಒಂದೊಂದು ಪೆನ್ನು. ನಾನು ಸಹಾಯಕ್ಕೆ ಹೋದರೆ “ಆನೆಂತ ಸಣ್ಣ ಕೂಸನೇ?”, ನಾನೇನು ಎಳೆ ಮಗುವೇ ಎಂದು ಗದರಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಮಳೆಗಾಲ ಮುಗಿಯುತ್ತ ಬಂದಾಗ ಚೀಲದ ಒಂದು ಬದಿಯಲ್ಲಿ ಜೇಬಿನ ಮುಚ್ಚಳದ ಮೇಲೆ ಎರಡು ಗೆರೆ ಕಂಡೆ. ಅಕ್ಕಪಕ್ಕ, ಒಂದೇ ಉದ್ದ, ಒಳ್ಳೇ ಆಳ. ಬಸ್ಸಿನ ನೂಕುನುಗ್ಗಲಿನಲ್ಲಿ ಯಾರೋ ಬ್ಲೇಡು ಆಡಿಸಿದ್ದಾರೆ ಎಂದೇ ತಿಳಿದೆ. ಚರ್ಮ ದಪ್ಪವಿದ್ದದ್ದಕ್ಕೆ ಬಚಾವು, ಇಲ್ಲದಿದ್ದರೆ ಬ್ಲೇಡು ಸೊಂಟಕ್ಕೇ ತಾಗುತ್ತಿತ್ತಲ್ಲ ಎಂದು ಅಂದು ಊಟ ಸೇರಲಿಲ್ಲ. ಕೇಳಿದರೆ ಆಯಿ ತಲೆ ಎತ್ತದೆ, “ಎಂತೋ ತಾಗಿಕ್ಕು, ಬಿಡು” ಎಂದಳು. ಅವಳು ಅಷ್ಟು ಬೇಗ ಉತ್ತರ ಕೊಟ್ಟದ್ದೇ ನನಗೆ ಅನುಮಾನ ಹುಟ್ಟಿಸಬೇಕಿತ್ತು. ಆದರೆ ಹೆದರಿದವಳಿಗೆ ಹಗ್ಗವೆಲ್ಲ ಹಾವಾಗಿ ಕಾಣುತ್ತದೆಯೇ ಹೊರತು ನಿಜವಾದ ಹಾವು ಕಣ್ಣಿಗೆ ಬೀಳುವುದಿಲ್ಲ. ಮಂಗಳವಾರ ಬಂತೆಂದರೆ ಆ ಎರಡು ಗೆರೆಯ ಮೇಲೇ ನನ್ನ ಕಣ್ಣು.

ಒಂದು ಸೋಮವಾರ ಮಧ್ಯಾಹ್ನ ಆಯಿ ಮಲಗಿದ್ದಾಗ ಚೀಲಕ್ಕೆ ಬೂಷ್ಟು ಹಿಡಿದಿದ್ದು ನೋಡಿದೆ. ಚರ್ಮದ್ದು ಎಂದು ಅವಳು ಅದನ್ನು ದೇವರ ಕೋಣೆಯ ಹತ್ತಿರವೂ ತರದೆ ಹೊರಬಾಗಿಲಿನ ಮೊಳೆಗೆ ತೂಗಿಸುತ್ತಿದ್ದಳು, ಥಂಡಿ ಗಾಳಿ ನೇರ ಬಡಿಯುವ ಜಾಗ. ಒರೆಸಿ ಸುಮ್ಮನಿದ್ದರೆ ಚೆನ್ನಾಗಿತ್ತು. ನನಗೆ ಆ ಗೆರೆಗಳನ್ನು ಕಣ್ಣೆದುರಿನಿಂದ ತೆಗೆಯಬೇಕಿತ್ತು. ಬೆರಳಿನಿಂದ ಉಜ್ಜಿದೆ, ಹೋಗಲಿಲ್ಲ. ಆಗ ಮುರುಗಲು ತುಪ್ಪ, ಅಂದರೆ ಕೋಕಂ ಬೀಜದಿಂದ ತೆಗೆಯುವ ಗಟ್ಟಿ ಎಣ್ಣೆ, ನೆನಪಾಯಿತು. ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ನಾವೆಲ್ಲ ಹಚ್ಚುವುದು ಅದನ್ನೇ. ಒಡೆದ ಕಾಲು ಕೂಡುವುದಾದರೆ ಚರ್ಮದ ಗೀರು ಯಾವ ಲೆಕ್ಕ? ಗಟ್ಟಿ ಉಂಡೆಯನ್ನು ಅಂಗೈಯಲ್ಲಿ ಕರಗಿಸಿ ಎರಡೂ ಬದಿಗೆ ಬಳಿದೆ, ಚಮಚದ ಬೆನ್ನಿನಿಂದ ತಿಕ್ಕಿದೆ, ಮತ್ತೆ ಬಳಿದೆ. ಅರ್ಧ ತಾಸು. ಚೀಲ ಎಮ್ಮೆಯ ಮೈಯಂತೆ ಕಪ್ಪಗೆ ಮಿಂಚಿತು. ಗೆರೆಯ ಸುಳಿವೂ ಉಳಿಯಲಿಲ್ಲ. ಬಹಳ ದಿನಗಳ ಮೇಲೆ ನನಗೆ ಸಮಾಧಾನವಾಯಿತು. ಮೊದಲಿದ್ದಲ್ಲೇ ತೂಗಿಸಿ ಒಳಗೆ ಹೋದೆ. ಹೇಳಲು ಹೋಗಲಿಲ್ಲ, ಹೇಳಿದರೆ ‘ನಿಂಗೆ ಬೇರೆ ಕೆಲಸ ಇಲ್ಯನೇ’ ಎಂದು ಬೈಯುತ್ತಾಳೆ.

ಮಾರನೆಯ ಬೆಳಿಗ್ಗೆ ಅವಳು ತಿಂಡಿ ತಿಂದು, ಬಸ್ಸು ತಪ್ಪೀತೆಂದು ಗಡಿಬಿಡಿಯಲ್ಲಿ ಹೊರಟಳು. ಫೋನು ಬಂದಾಗ ನಾನು ಪಾತ್ರೆ ತೊಳೆಯುತ್ತಿದ್ದೆ. ಆಯಿಯ ನಂಬರು, ಗಂಡಸಿನ ದನಿ.

“ಅಕ್ಕೋರ ಮಗಳೇನ್ರೀ? ನಾನು ಕಂಡಕ್ಟರ್ರು. ಅಕ್ಕೋರು ಬೆವೆತು ನೀರಾಗ್ಯಾರ್ರೀ. ಕರೆದ್ರ ಕಣ್ಣು ಬಿಡ್ತಾರ, ಮಾತಾಡವಲ್ರು. ಕಾನಸೂರಾಗ ನಿಲ್ಲಿಸೀವಿ. ಇವ್ರಿಗೆ ಸಕ್ಕರೆ ಕಾಯಿಲೆ ಐತೇನ್ರೀ?”

ಹೌದು ಎಂದೆನೋ ಇಲ್ಲವೋ ತಿಳಿಯದು. ಅವನು ಹಿಂದಕ್ಕೆ ತಿರುಗಿ ಚಾ ಅಂಗಡಿಯವರಿಗೆ ಸಕ್ಕರೆ ತರಲು ಕೂಗಿದ್ದು ಕೇಳಿಸಿತು. ಬಸ್ಸನ್ನು ನೇರ ಸಿದ್ದಾಪುರದ ಆಸ್ಪತ್ರೆಗೇ ಒಯ್ಯುತ್ತೇವೆ, ನೀವು ಅಲ್ಲಿಗೇ ಬರ್ರಿ ಎಂದ.

ಸ್ಕೂಟಿ ತೆಗೆದೆ. ಬ್ಲೇಡಿನ ಕಳ್ಳ, ಅಪಘಾತ, ಹಾರ್ಟು, ಅಲ್ಲಿಯತನಕ ನಾನು ಹೆದರಿದ್ದೆಲ್ಲ ಒಂದು ತರದ ಹೆದರಿಕೆ. ಆ ದಾರಿಯದ್ದು ಬೇರೆಯೇ. ತಿರುವುಗಳಲ್ಲಿ ಎದುರು ಬರುವ ಪ್ರತಿ ಬಸ್ಸಿನಲ್ಲೂ ಅವಳನ್ನು ಮಲಗಿಸಿಕೊಂಡು ವಾಪಸ್ಸು ತರುತ್ತಿದ್ದಾರೆ ಅನ್ನಿಸಿತು. ‘ದೇವರೇ, ಮಾತಾಡಲಿ, ಬೈದರೂ ಆದೀತು’ ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಕಾನಸೂರು ದಾಟಿದ್ದು ನೆನಪಿಲ್ಲ.

ಆಯಿ ಮಂಚದ ಮೇಲಿದ್ದಳು, ಕೈಗೆ ಗ್ಲೂಕೋಸ್ ಹಾಕಿದ್ದರು. ಮುಖ ಬಿಳಿಚಿತ್ತು, ಕಣ್ಣು ಬಿಟ್ಟಿತ್ತು. ನಾನು ಹತ್ತಿರ ಹೋದರೂ ಯಾರೆಂದು ಕೇಳಿದಳು. ಔಷಧದ ಮಂಪರು ಎಂದುಕೊಂಡೆ.

“ಸಕ್ಕರೆ ತೀರಾ ಇಳಿದುಬಿಟ್ಟಿತ್ತು. ಬೆಳಿಗ್ಗೆ ಯಾವ ಇನ್ಸುಲಿನ್ ತಗೊಂಡ್ರು, ಎಷ್ಟು?” ಎಂದು ಡಾಕ್ಟರು ಕೇಳಿದರು. ಮಗಳು ನಾನು. ನನಗೆ ಗೊತ್ತಿರಲಿಲ್ಲ.

ಆಯಿ ಚೀಲ ಕೊಡೆಂದು ಕೈ ಚಾಚಿದಳು. ತೊಡೆಯ ಮೇಲಿಟ್ಟುಕೊಂಡು ಕಣ್ಣು ಗೋಡೆಯ ಕಡೆಗಿಟ್ಟು ಒಂದು ಬದಿಯನ್ನು ಬೆರಳಿನಿಂದ ಸವರಿದಳು. ತಿರುಗಿಸಿ ಇನ್ನೊಂದು ಬದಿಯನ್ನೂ ಸವರಿದಳು. ಮತ್ತೆ ಮೊದಲನೆಯದು. ಬೆರಳು ಜಿಡ್ಡಿನಲ್ಲಿ ಜಾರುತ್ತಿತ್ತು.

“ಗೆರೆ ಎಲ್ಲಿ ಹೋತೇ?” ಎಂದಳು.

“ಆನೇ ತಿಕ್ಕಿ ತೆಗದೆ” ಎಂದೆ.

ಅವಳು ಬೈಯಲಿಲ್ಲ. ನಿಧಾನಕ್ಕೆ, ಡಾಕ್ಟರಿಗೆ ವರದಿ ಒಪ್ಪಿಸುವಂತೆ ಹೇಳಿದಳು. ಕಣ್ಣಿನ ನಟ್ಟನಡುವೆ ಮಸಿ ಮೆತ್ತಿದಂತಾಗಿ ಏಳೆಂಟು ತಿಂಗಳಾಗಿತ್ತು. ಪೆನ್ನುಗಳ ಬಣ್ಣ ತಿಳಿಯುತ್ತಿರಲಿಲ್ಲ. ಪ್ರಮಾಣವನ್ನು ಪೆನ್ನು ತಿರುಗಿಸುವಾಗಿನ ಟಿಕ್ ಟಿಕ್ ಎಣಿಸಿ ಹಿಡಿಯುತ್ತಿದ್ದಳು. ಯಾವ ಜೇಬು ಯಾವುದು ಎಂಬುದಕ್ಕೆ ಊಟದ ಪೆನ್ನಿನ ಬದಿಗೆ ಉಗುರಿನಿಂದ ಒತ್ತಿ ಎರಡು ಗೆರೆ ಎಳೆದಿದ್ದಳು. ಆ ಬೆಳಿಗ್ಗೆ ಒಂದು ಬದಿ ಮುಟ್ಟಿದಾಗ ಗೆರೆ ಸಿಗಲಿಲ್ಲ. ಹಾಗಾದರೆ ಇದು ದಿನದ ಪೆನ್ನಿನ ಬದಿ ಎಂದು ತಿಳಿದು, ಬಸ್ಸಿನ ಗಡಿಬಿಡಿಯಲ್ಲಿ ಇನ್ನೊಂದು ಬದಿ ಸವರಿ ನೋಡದೆ, ಊಟದ ಪೆನ್ನಿನಿಂದ ಇಡೀ ದಿನದ ಪ್ರಮಾಣ ಚುಚ್ಚಿಕೊಂಡಿದ್ದಳು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು ನನ್ನ ಕತೆ, ಆದರೆ ನಗುವವರು ಯಾರೂ ಇರಲಿಲ್ಲ. ಹಿಂದಿನದ್ದೆಲ್ಲ ಒಂದೊಂದಾಗಿ ಎದ್ದು ಬಂತು. ಪಕ್ಕದವರ ಹತ್ತಿರ ಬಸ್ಸಿನ ಬೋರ್ಡು ಓದಿಸುತ್ತಿದ್ದದ್ದು, ಪೇಪರನ್ನು ಮಡಿಲಲ್ಲಿಟ್ಟು ಸುಮ್ಮನೆ ಪುಟ ಮಗುಚುತ್ತಿದ್ದದ್ದು, ನಾನು ಒಳಗೆ ಬಂದರೆ ಮಾತಾಡುವವರೆಗೆ ಕಾಯುತ್ತಿದ್ದದ್ದು. ಹಗಲಿರುಳು ಅವಳಿಗೆ ಏನಾದೀತೋ ಎಂದು ನಡುಗುತ್ತಿದ್ದ ನಾನು, ಆಗುತ್ತಿದ್ದದ್ದೊಂದನ್ನೂ ಕಂಡಿರಲಿಲ್ಲ. ಡಾಕ್ಟರು ಹೋದ ಮೇಲೆ ಮಂಚದ ಅಂಚು ಹಿಡಿದುಕೊಂಡು ಅತ್ತುಬಿಟ್ಟೆ. ಅಳುತ್ತಲೇ ಸಿಟ್ಟೂ ಬಂತು.

“ಮೊದ್ಲೇ ನಂಗೆ ಎಂತಕ್ಕೆ ಹೇಳಿದ್ದಿಲ್ಲೆ ಆಯಿ? ಜೀವಾನೇ ಹೋಗ್ತಿತ್ತಲೇ!”

“ಅಕ್ಕ ಕಾಯ್ತಾ ಇಕ್ಕು” ಎಂದಳು. “ತಲೆ ಬಾಚದೇ ಒಂದು ವಾರ ಆತು ಅಕ್ಕಂಗೆ.”

“ಆನು ಕೇಳಿದ್ದು ಅದಲ್ಲ.”

“ಹೇಳಿದ್ರೆ ನೀ ಬಸ್ ಹತ್ತಲೆ ಬಿಡ್ತಿದ್ಯನೇ?”

ಬಿಡುತ್ತಿರಲಿಲ್ಲ. ಚೀಲ ಕಿತ್ತಿಟ್ಟು, ಚಪ್ಪಲಿ ಎತ್ತಿಟ್ಟು, ಹೊರಬಾಗಿಲಿಗೆ ಚಿಲಕ ಹಾಕಿ ಕೂರುತ್ತಿದ್ದೆ. ಅದನ್ನೇ ಪ್ರೀತಿ ಎಂದೂ ಹೇಳುತ್ತಿದ್ದೆ.

“ಇಲ್ಲೆ” ಎಂದೆ.

“ಅದಕ್ಕೇ ಆನು ಹೆದ್ರಿದ್ದಿ” ಎಂದಳು ಆಯಿ.

“ಎಂತಕ್ಕೆ? ಕಣ್ಣು ಹೋಗ್ತು ಹೇಳಿಯಾ?”

ಅವಳು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. “ಅಲ್ಲ,” ಎಂದಳು, “ನಿಂಗೆ ಹೆದ್ರಿದ್ದು.”